ಕೂಮನ ಮುಂದೆ ಓದದೆ ಹಾಕಿದ ಸಹಿ

ಸ್ರೆತೆನ್ ಮೂವತ್ತೊಂದು ವರ್ಷ ನಮ್ಮ ಪಟ್ಟಣದ ಸಂಸ್ಕೃತಿ ಭವನದ ಬಾಯ್ಲರಿಗೆ ಕಲ್ಲಿದ್ದಲು ಹಾಕಿದವನು. ಊರಿನ ನಾಟಕ, ಮದುವೆ, ಶೋಕಸಭೆ ಎಲ್ಲವೂ ಅವನ ಶಾಖದಲ್ಲೇ ನಡೆದವು. ಅವನು ಮಾತ್ರ ಒಮ್ಮೆಯೂ ವೇದಿಕೆ ಹತ್ತಲಿಲ್ಲ. ಭವನದ ಬೀಗದ ಕೈ ಸದಾ ಅವನ ಸೊಂಟದಲ್ಲಿ. ಮೊರಾವಾ ನದಿಯ ಈ ದಂಡೆಯಲ್ಲಿ ಯಾರಿಗೆ ಮೇಜು, ಬೆಂಚು ಬೇಕಾದರೂ ಅವನನ್ನೇ ಕೇಳುತ್ತಿದ್ದರು. "ತಗೊಂಡ್ಹೋಗಿ, ವಾಪಸ್ ತಂದಿಡಿ" ಎಂಬುದೇ ಅವನು ಬಲ್ಲ ಇಡೀ ಕಾನೂನು.

ಮಾರ್ಚಿನಲ್ಲಿ, ಚಾವಣಿ ದುರಸ್ತಿಗೆಂದು ಅಟ್ಟದಲ್ಲಿ ಪೇರಿಸಿಟ್ಟಿದ್ದ ತಾಮ್ರದ ತಗಡೆಲ್ಲ ಮಾಯವಾಯಿತು. ಬೀಗ ಒಡೆದಿರಲಿಲ್ಲ.

ಮರುದಿನ ಮಿಲುತಿನ್ ಫೋನ್ ಮಾಡಿದ. ಅವನು ಪೊಲೀಸ್ ಇನ್ಸ್‌ಪೆಕ್ಟರ್ ಎಂಬುದು ಆಮೇಲಿನ ಮಾತು. ಮೊದಲು ಅವನು ಸ್ರೆತೆನನ ಕೂಮ: ಮದುವೆಯಲ್ಲಿ ಪಕ್ಕ ನಿಂತು ಸಾಕ್ಷಿಯಾದವನು, ಮಗಳಿಗೆ ಹೆಸರಿಟ್ಟವನು. ಆಕಾಶದಲ್ಲಿ ದೇವರು, ಭೂಮಿಯಲ್ಲಿ ಕೂಮ ಅನ್ನುತ್ತೇವೆ ನಾವು. ಒಡಹುಟ್ಟಿದವನ ಜೊತೆ ಕಚ್ಚಾಡಿದರೆ ಊರು ನಗುತ್ತದೆ. ಕೂಮನ ಜೊತೆ ಕಚ್ಚಾಡಿದರೆ ಊರು ಶಿಲುಬೆ ಗುರುತು ಹಾಕಿಕೊಳ್ಳುತ್ತದೆ.

"ಕೂಮ, ಒಂದು ಕಾಫಿಗೆ ಬಂದುಹೋಗು. ಎರಡೇ ಮಾತು" ಎಂದ. ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ಕೂಮ ಎಂದೇ.

ಠಾಣೆಯ ಕಾಫಿ ಚೆನ್ನಾಗಿತ್ತು. ಮಿಲುತಿನ್ ಎರಡು ಬೆರಳಲ್ಲಿ ಟೈಪ್ ಮಾಡುತ್ತ ಕೇಳಿದ, "ಕೀ ಯಾರಿಗಾದ್ರೂ ಕೊಟ್ಟಿದ್ಯಾ?"

"ಕೊಟ್ಟಿದ್ನಲ್ಲ, ನಿನ್ನ ಭಾಮೈದ ರಾತ್ಕೋಗೆ. ಮಗೂನ ದೀಕ್ಷಾಸ್ನಾನದ ಊಟ ಇದೆ, ಮೇಜು ಬೇಕು ಅಂದ. ಎರಡು ದಿನ ಇಟ್ಕೊಂಡಿದ್ದ."

ಬೆರಳು ನಿಂತವು. "ಅವನನ್ಯಾಕೆ ಎಳೀತೀಯೋ ಮಾರಾಯ? ಮನೇಲಿ ನನ್ನ ಹೆಂಡ್ತಿ ತಲೆ ತಿಂತಾಳೆ. ಬಿಡು, ಅದನ್ನ ನಾನು ನೋಡ್ಕೋತೀನಿ."

"ಇದಕ್ಕೆ ವಕೀಲರು ಗಿಕೀಲರು ಏನಾದ್ರೂ ಬೇಕಾ?"

"ನಮ್ಮಿಬ್ರ ಮಧ್ಯೆ ವಕೀಲನಾ? ನಾಳೆ ನನ್ನ ಜೊತೆ ಊಟಕ್ಕೆ ಕೂರೋಕೂ ವಕೀಲನ್ನ ಕರ್ಕೊಂಡ್ ಬಾ!"

ಸ್ರೆತೆನನಿಗೆ ಕೇಳಿದ್ದಕ್ಕೇ ನಾಚಿಕೆಯಾಯಿತು. ಅದಕ್ಕೇ ಕಾಗದ ಮುಂದೆ ಬಂದಾಗ ಕನ್ನಡಕ ಜೇಬಿನಲ್ಲೇ ಉಳಿಯಿತು. ಕೂಮ ಕೊಟ್ಟ ಕಾಗದವನ್ನು ಕನ್ನಡಕ ಹಾಕಿ ಓದುವುದೆಂದರೆ, ಕೂಮ ಬಡಿಸಿದ ರೊಟ್ಟಿಯನ್ನು ತಕ್ಕಡಿಗೆ ಹಾಕಿದಂತೆ. ಸಹಿ ಹಾಕುವಾಗ ಕಾಫಿಯ ಸಿಹಿ ನಾಲಿಗೆಯ ಮೇಲಿತ್ತು. ಕಹಿ ಮೇ ತಿಂಗಳಲ್ಲಿ ಅಂಚೆಯಲ್ಲಿ ಬಂತು.

ಕಳವಿನ ಆರೋಪಪತ್ರ. ಅದಕ್ಕೆ ಆಧಾರ ಅವನದೇ ಹೇಳಿಕೆ: "ಕೀಯನ್ನು ಯಾರಿಗೂ ಕೊಟ್ಟಿಲ್ಲ. ಅಟ್ಟಕ್ಕೆ ಹೋಗುವವನು ನಾನೊಬ್ಬನೇ." ಅಪರಾಧಿ ಎಂದಾದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು; ಎಲ್ಲಕ್ಕಿಂತ ಮಿಗಿಲಾಗಿ, ಊರಿನ ಬಾಯಲ್ಲಿ ಅವನು ಸಾಯುವತನಕ ತಾಮ್ರದ ಕಳ್ಳ.

"ಟೈಪ್ ಮಾಡುವಾಗ ಕೈತಪ್ಪಿರಬೇಕು" ಎಂದು ಸ್ರೆತೆನ್ ಹೆಂಡತಿ ದೆಸಾಂಕಾಗೆ ಹೇಳಿದ.

"ಕೈ ತಪ್ಪಿದ್ರೆ ಒಂದಕ್ಷರ ತಪ್ಪುತ್ತೆ. ಒಬ್ಬ ಮನುಷ್ಯನೇ ಬಿಟ್ಟುಹೋಗಲ್ಲ" ಎಂದಳು ಅವಳು.

ನ್ಯಾಯಾಲಯವೇ ಗೊತ್ತುಮಾಡಿಕೊಟ್ಟ ವಕೀಲೆ ಓಲ್ಗಿತ್ಸಾ, ಮಗಳ ವಯಸ್ಸಿನವಳು. ಕಾಗದವನ್ನು ಎರಡು ಸಲ ಓದಿದಳು.

"ಚಿಕ್ಕಪ್ಪ, ಬಾಗಿಲು ದಾಟುವಾಗ ನೀವು ಮಾಹಿತಿ ಕೊಡೋಕೆ ಬಂದ ನಾಗರಿಕರು. ಅನುಮಾನ ನಿಮ್ಮ ಕಡೆ ತಿರುಗಿದ ಗಳಿಗೆಯಿಂದ ನೀವು ಶಂಕಿತರು. ಆಗ ಅವರು ನಿಲ್ಲಿಸಿ ಹೇಳ್ಬೇಕು: ನಿನ್ನ ಮೇಲೆ ಇಂಥ ಅನುಮಾನ ಇದೆ, ನೀನು ಬಾಯಿ ಬಿಡಬೇಕಾಗಿಲ್ಲ, ವಕೀಲರನ್ನ ಕರೆಸ್ಕೋಬಹುದು ಅಂತ. ಹೇಳಿದ್ರಾ?"

"ಸಕ್ಕರೆ ಎಷ್ಟು ಅಂತ ಕೇಳ್ದ."

ಓಲ್ಗಿತ್ಸಾ ನಗಲಿಲ್ಲ. "ವಕೀಲರಿಲ್ದೆ ಶಂಕಿತ ಪೊಲೀಸರಿಗೆ ಕೊಟ್ಟ ಹೇಳಿಕೆ ಸಾಕ್ಷ್ಯ ಆಗಲ್ಲ. ಕಡತದಿಂದ ತೆಗೆಸೋಕೆ ನೋಡ್ತೀನಿ. ಆದ್ರೆ ಅಲ್ಲಿ ಏನಾಯ್ತು ಅಂತ ನ್ಯಾಯಾಧೀಶರಿಗೆ ನೀವೇ ಹೇಳ್ಬೇಕು. ಮಿಲುತಿನ್ ಹೆಸರು ಹಿಡಿದು."

"ಕೂಮನ ಮೇಲೆ ದೂರು ಹೇಳೋದಾ?"

"ಸುಮ್ನಿರೋ ಹಕ್ಕೂ ಇದೆ. ಆದ್ರೆ ಆಗ ರಾತ್ಕೋ ಹೆಸರು ಹೇಳೋರು ಯಾರೂ ಇಲ್ಲ."

ನವೆಂಬರಿನಲ್ಲಿ, ವಿಚಾರಣೆಗೆ ಮೂರು ದಿನ ಮೊದಲು, ಸ್ರೆತೆನನ ಮನೆಯ ಕುಲಸಂತರ ಹಬ್ಬ ಬಂತು. ಆ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ. ಬಂದವರನ್ನು ಹೊರಗಟ್ಟುವುದೂ ಇಲ್ಲ. ಮಿಲುತಿನ್ ಬಂದ. ಬೇಯಿಸಿದ ಸಿಹಿ ಗೋಧಿಯನ್ನು ದೆಸಾಂಕಾ ಅವನ ಮುಂದೆ ಹಿಡಿದಳು, ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡು.

ಊಟವಾದ ಮೇಲೆ ಅಂಗಳದ ಸೌದೆ ಒಟ್ಟಿಲಿನ ಹತ್ತಿರ ಮಿಲುತಿನ್ ಪಿಸುಗುಟ್ಟಿದ, "ಮೊದಲ ತಪ್ಪಿಗೆ ಜೈಲೆಲ್ಲಿ ಕೂಮ? ಷರತ್ತು ಹಾಕಿ ಬಿಟ್ಟುಬಿಡ್ತಾರೆ. ರಾತ್ಕೋ ಮೇಲೆ ಹಳೇ ಕೇಸಿದೆ, ಅವನು ಒಳಗೇ ಹೋಗ್ತಾನೆ. ಮಗು ಚಿಕ್ಕದು. ನೀನು ಹೊತ್ಕೊಂಡ್ಬಿಡು."

ಸ್ರೆತೆನ್ ಆರು ತಿಂಗಳು ಕಾಪಾಡಿಕೊಂಡು ಬಂದಿದ್ದ, ಅದು ಬರೀ ಕೈತಪ್ಪು ಎಂಬ ನಂಬಿಕೆ ಅಲ್ಲೇ ಸತ್ತುಹೋಯಿತು.

"ಅಂದ್ರೆ ನಿಂಗೆ ಅವತ್ತೇ ಗೊತ್ತಿತ್ತು."

ಮಿಲುತಿನ್ ಸೌದೆ ನೋಡಿದ. "ಅದಿರ್ಲಿ. ಕೋರ್ಟಲ್ಲಿ ಏನ್ ಹೇಳ್ತೀಯ?"

"ನಾನು ಬಾಯಿ ಬಿಡಬೇಕಾಗಿಲ್ವಂತೆ, ಕೂಮ. ವಕೀಲಮ್ಮ ಇಲ್ದೆ ಮಾತಾಡಲ್ಲ."

ಆದರೂ ಹಬ್ಬ ಹಬ್ಬವೇ. ಒಳಗೆ ಬಂದು ಸ್ರೆತೆನ್ ಕೂಮನ ಲೋಟಕ್ಕೆ ಇನ್ನೊಂದು ಸುತ್ತು ಪ್ಲಮ್ ಹಣ್ಣಿನ ಸಾರಾಯಿ ಬಗ್ಗಿಸಿದ.

ಮೂರನೆಯ ದಿನ ನ್ಯಾಯಾಧೀಶೆ ಕೇಳಿದರು, "ಆರೋಪ ಅರ್ಥವಾಯಿತೇ? ನೀವು ಉತ್ತರಿಸಲೇಬೇಕೆಂದಿಲ್ಲ."

"ಒಂದ್ನಿಮಿಷ ತಾಯಿ." ಸ್ರೆತೆನ್ ಕನ್ನಡಕ ಹಾಕಿಕೊಂಡ. ಆರೋಪಪತ್ರವನ್ನು ಮೊದಲ ಸಾಲಿನಿಂದ ಕೊನೆಯ ಮೊಹರಿನವರೆಗೆ, ತುಟಿ ಅಲ್ಲಾಡಿಸುತ್ತ, ಓದಿದ. ಗುಮಾಸ್ತೆ ಎರಡು ಸಲ ಆಕಳಿಸಿದಳು. ಆಮೇಲೆ ಕನ್ನಡಕ ತೆಗೆದು, ಕಾಫಿಯಿಂದ ಹಿಡಿದು ಸೌದೆ ಒಟ್ಟಿಲಿನವರೆಗೆ ಎಲ್ಲವನ್ನೂ ಹೇಳಿದ. ಹೊರಗಿನ ಮೊಗಸಾಲೆಯಲ್ಲಿ ಸಾಕ್ಷಿ ಹೇಳಲು ಕಾದಿದ್ದ ಮಿಲುತಿನನ ಕೆಮ್ಮು ಬಾಗಿಲ ಸಂದಿಯಿಂದ ಕೇಳುತ್ತಿತ್ತು. ಮೂವತ್ತು ವರ್ಷದಿಂದ ಕೇಳಿ ಗೊತ್ತಿದ್ದ ಕೆಮ್ಮು.

ಠಾಣೆಯ ಹೇಳಿಕೆಯನ್ನು ಕಡತದಿಂದ ತೆಗೆದು ಲಕೋಟೆಯಲ್ಲಿ ಮುಚ್ಚಿದರು. ರಾತ್ಕೋ ಭವನದ ಹಿಂಬಾಗಿಲಿನಿಂದ ಗಾಡಿ ತುಂಬಿದ್ದನ್ನು ಎದುರಿನ ಬೇಕರಿಯವಳು ಕಂಡಿದ್ದಳು. ಯಾರೂ ಕೇಳದ್ದರಿಂದ ಹೇಳಿರಲಿಲ್ಲ; ಓಲ್ಗಿತ್ಸಾ ಕೇಳಿದಳು, ನ್ಯಾಯಾಲಯಕ್ಕೆ ಬಂದು ಹೇಳಿದಳು. ಕ್ರಿಸ್ಮಸ್‌ಗೆ ಮುಂಚೆ ಸ್ರೆತೆನ್ ನಿರ್ದೋಷಿಯಾಗಿ ಮನೆಗೆ ಬಂದ.

ದೆಸಾಂಕಾ ಗೋಡೆಯ ಮೇಲಿನ ಮದುವೆ ಫೋಟೋ ಇಳಿಸಿ, ಕತ್ತರಿ ಹಿಡಿದು ಕೂತಿದ್ದಳು. "ಅವನನ್ನ ಇದರಿಂದ್ಲೂ ತೆಗೀತೀನಿ."

ಸ್ರೆತೆನ್ ಕನ್ನಡಕ ಹಾಕಿಕೊಂಡು ನೋಡಿದ. ಮಿಲುತಿನನ ಕೈ ಅವನ ಹೆಗಲ ಮೇಲಿತ್ತು, ಬೆರಳು ಐದೂ ಕೋಟಿಗೆ ಒತ್ತಿಕೊಂಡು.

"ಬೇಡ ಕಣೇ. ಕತ್ತರಿಸಿದ್ರೆ ನನ್ನ ಅರ್ಧ ಹೆಗಲೂ ಹೋಗುತ್ತೆ."

ಅವಳು ಕತ್ತರಿ ಇಟ್ಟಳು. ಫೋಟೋ ಮಾತ್ರ ಮತ್ತೆ ಗೋಡೆಗೆ ಹೋಗಲಿಲ್ಲ.