ನಡುಗೆರೆ ಅಕ್ಕ

ಬಟ್ಟೆ ಗಿರಣಿಯಲ್ಲಿ ಎಲ್ಲರೂ ಅವಳನ್ನು ನಡುಗೆರೆ ಅಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷದಿಂದ ಅವಳ ಕೆಲಸ ಒಂದೇ: ಬಾಯ್ಲರಿನ ಎರಡು ಒತ್ತಡದ ಮೀಟರುಗಳು ಎಳೆಯುವ ಎರಡು ಗೆರೆಗಳ ನಡುವನ್ನು ಹುಡುಕಿ ಮೇಲಿನವರಿಗೆ ಹೇಳುವುದು. ಆ ಮೀಟರುಗಳೋ, ಅತ್ತೆ ಸೊಸೆಯರ ಹಾಗೆ. ಒಂದು ಹೇಳಿದ್ದನ್ನು ಇನ್ನೊಂದು ಒಪ್ಪುವುದಿಲ್ಲ. ಅದಕ್ಕೇ ಸಾಹೇಬರು ನಿಯಮ ಮಾಡಿದ್ದರು: ಜಗಳ ಬೇಡ, ನಡುವಿನದನ್ನು ನಂಬಿ. ಮೊದಲು ಕಾಗದದ ಮೇಲೆ ಸ್ಕೇಲು ಇಟ್ಟು ಎಳೆಯುತ್ತಿದ್ದಳು. ಕಂಪ್ಯೂಟರಿಗೆ ಸಾಫ್ಟ್‌ವೇರ್ ಬಂದಾಗ, ಎರಡೂ ಗೆರೆಗಳನ್ನು ಆರಿಸಿ ಒಂದು ಗುಂಡಿ ಒತ್ತಿದರೆ ನಡುವೆ ಚುಕ್ಕಿಗೆರೆ ತಾನಾಗಿ ಮೂಡುತ್ತದೆಂದು ಯಾರೂ ಹೇಳಿಕೊಡದೆ ಕಂಡುಕೊಂಡವಳೂ ಅವಳೇ. ಆ ಹೆಮ್ಮೆ ಅವಳಿಗಿತ್ತು, ಇರಬೇಕಾದ್ದೇ.

ಆ ಮಧ್ಯಾಹ್ನ ಮೇಲಿನ ಗೆರೆ ಏರತೊಡಗಿತು. ಕೆಳಗಿನದು ಅಲುಗಾಡದೆ ಮಲಗಿತ್ತು. ಅದರ ಕೊಳವೆಯಲ್ಲಿ ಕಸ ಕಟ್ಟಿ ಮೀಟರು ಬೆಳಗಿನಿಂದಲೇ ಕೆಟ್ಟು ನಿಂತಿದ್ದು ಯಾರಿಗೂ ಗೊತ್ತಿರಲಿಲ್ಲ. ಮೇಲಿನ ಗೆರೆ ಅಪಾಯದ ಮಟ್ಟ ದಾಟಿದ್ದನ್ನು ಅವಳು ನೋಡಿದಳು. ಆದರೆ ಚುಕ್ಕಿಗೆರೆ ಇನ್ನೂ ಕೆಳಗೇ ಇತ್ತು.

ಬಾಯ್ಲರ್ ಮನೆಯಿಂದ ತಮ್ಮ ಫೋನ್ ಮಾಡಿದ. ಅವನನ್ನು ಎತ್ತಿ ಆಡಿಸಿದವಳೂ, ಗಿರಣಿಗೆ ಸೇರಿಸಿದವಳೂ ಅವಳೇ.

"ಅಕ್ಕಾ, ಇಲ್ಲಿ ಸದ್ದು ಯಾಕೋ ಸರಿಯಿಲ್ಲ ಕಣೆ. ಬೆಂಕಿ ಆರಿಸ್ಲಾ?"

"ನಿಂದೊಂದು! ಹೋದ ತಿಂಗಳು ಸುಮ್‌ಸುಮ್ನೆ ಆರಿಸಿ ಬೈಸ್ಕೊಂಡಿದ್ದು ಮರೆತುಹೋಯ್ತಾ? ನಡುಗೆರೆ ಕೆಳಗೇ ಇದೆ. ಹೆದರ್ಬೇಡ."

"ನೀನು ಹೇಳಿದ್ಮೇಲೆ ಮುಗೀತು ಬಿಡು," ಎಂದು ನಕ್ಕ.

ಹತ್ತು ನಿಮಿಷಕ್ಕೆ ಹಬೆಯ ಕೊಳವೆ ಸಿಡಿಯಿತು. ಮೂರನೆಯ ದಿನ ಅವನು ಆಸ್ಪತ್ರೆಯಲ್ಲಿ ತೀರಿಕೊಂಡ.

ವಿಚಾರಣೆಗೆ ಬಂದವರು ಅವಳ ಹಾಳೆಗಳನ್ನೆಲ್ಲ ತಿರುವಿಹಾಕಿದರು. ನಡುಗೆರೆ ಸರಿಯಾಗಿದೆ, ನಿಯಮ ಪಾಲನೆಯಾಗಿದೆ, ಇವಳ ತಪ್ಪಿಲ್ಲ ಎಂದು ಬರೆದುಕೊಟ್ಟರು. ನಿಜಕ್ಕೂ ಸುಳ್ಳಿಗೂ ನಡುವೆ ಸಿಗುವುದೂ ಸುಳ್ಳೇ ಎಂದು ಅಷ್ಟೊಂದು ಓದಿದವರಿಗೆ ಹೊಳೆಯಲಿಲ್ಲ. ಅವಳಿಗೆ ಹೊಳೆದಿತ್ತು.

ತಮ್ಮನ ಹೆಂಡತಿ ಆ ಕಾಗದವನ್ನು ಎರಡು ಸಲ ಓದಿ ಮಡಚಿಟ್ಟಳು. ಅವಳ ಎರಡು ವರ್ಷದ ಮಗಳು ಸೋದರತ್ತೆಯ ತೊಡೆಯ ಮೇಲೆ ನಿದ್ದೆಹೋಗಿದ್ದಳು.

"ಅತ್ತಿಗೆ, ಒಂದೇ ಒಂದು ಮಾತು. ಮೇಲಿನ ಗೆರೆ ನಿಮಗೆ ಕಾಣಿಸ್ತಿತ್ತಾ?"

ವಿಚಾರಣೆಯವರು ಕೇಳದೆ ಬಿಟ್ಟ ಪ್ರಶ್ನೆ. ಇಲ್ಲ ಎಂದಿದ್ದರೆ, ಪಾಪ, ಆ ಹುಡುಗಿ ನಂಬಿಬಿಡುತ್ತಿದ್ದಳು.

"ಕಾಣಿಸ್ತಿತ್ತು," ಎಂದಳು ಅಕ್ಕ.

ತಮ್ಮನ ಹೆಂಡತಿ ಬಾಗಿ, ಎಚ್ಚರವಾಗದಂತೆ ಮಗುವನ್ನು ಅವಳ ತೊಡೆಯಿಂದ ಎತ್ತಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.