ಕರೆಂಟ್ ಹೋದ ಗುರುವಾರಗಳು

ನಮ್ಮ ಹಳೆಯ ಧಾರಾವಾಹಿಯನ್ನು ಸಿನಿಮಾ ಮಾಡುತ್ತಿದ್ದಾರೆಂಬ ಸುದ್ದಿ ಬಂದ ದಿನ ನಾನೂ ನನ್ನ ಹೆಂಡತಿಯೂ ಅವರೆಕಾಳು ಹಿದುಕುತ್ತ ಕೂತಿದ್ದೆವು. ಯಲಹಂಕದ ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ಚಳಿಗಾಲದ ಬಿಸಿಲು ಬೀಳುವುದು ವರಾಂಡದ ಒಂದು ಮೂಲೆಗೆ ಮಾತ್ರ, ಹಾಗಾಗಿ ಇಬ್ಬರಿಗೂ ಒಂದೇ ಚಾಪೆ. ನೆನೆದ ಕಾಳನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಗೆ ಹಾರಬೇಕು. ನಾನು ಒತ್ತಿದ್ದು ಹೆಚ್ಚಾಗಿ ಪಾತ್ರೆ ದಾಟಿ ಹೋಗುತ್ತಿತ್ತು. ಇಷ್ಟು ವರ್ಷ ಕಾರ್ಖಾನೆಯಲ್ಲಿ ಯಾವ ಧೈರ್ಯದ ಮೇಲೆ ನಿಮ್ಮ ಕೈಗೆ ಮೆಷೀನು ಕೊಟ್ಟಿದ್ದರೋ ಎಂದು ಅವಳು ಬೈದಳು. ಅಷ್ಟರಲ್ಲಿ ಮೇಲಿನ ಮನೆಯಲ್ಲಿರುವ ಮಗಳು ಫೋನ್ ಹಿಡಿದು ಇಳಿದು ಬಂದು ಸುದ್ದಿ ತೋರಿಸಿದಳು.

ನನಗೆ ಖುಷಿಯಾಯಿತು, ಜೊತೆಗೆ ಸ್ವಲ್ಪ ಹೆದರಿಕೆಯೂ ಆಯಿತು. ನಮ್ಮದೆಂದುಕೊಂಡ ವಸ್ತುವನ್ನು ಬೇರೆಯವರು ಎತ್ತಿಕೊಂಡಾಗ ಆಗುವಂಥ ಹೆದರಿಕೆ. "ಆ 'ಊಟ ಆಯ್ತಾ' ಸೀನ್ ಒಂದು ಸರಿಯಾಗಿ ತೆಗೆದ್ರೆ ಸಾಕು" ಎಂದೆ.

"ಆ ಸೀನ್ ಇರಲ್ಲ ಬಿಡಿ" ಅಂದಳು ನನ್ನ ಹೆಂಡತಿ.

"ಅದಿಲ್ದೆ ಹೆಂಗ್ ತೆಗೀತಾರೆ?"

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಒಲೆಯ ಮೇಲೆ ನೀರು ಕುದಿಯುತ್ತಿದೆ ಎಂದು ಎದ್ದು ಹೋದಳು. ಈ ಸಿನಿಮಾದವರಿಗೆ ಅಂಥ ಸೂಕ್ಷ್ಮವೆಲ್ಲ ಎಲ್ಲಿ ತಿಳಿಯುತ್ತದೆ ಎಂಬ ಅರ್ಥದಲ್ಲಿ ಹೇಳಿದಳೆಂದು ನಾನು ತಿಳಿದೆ. ಮಧ್ಯಾಹ್ನ ಹಿದುಕಿದ ಬೇಳೆಯ ಸಾರಿನಲ್ಲಿ ಊಟ ಮಾಡಿದೆವು. ಸಂಜೆ ಕೆರೆಯ ಸುತ್ತ ನಡೆದೆವು. ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡಿದೆ ಎನ್ನುತ್ತ ಅವಳು ಅಡುಗೆಮನೆಯ ನೆಲದ ಮೇಲೆ ಕೂತಳು. ಆಸ್ಪತ್ರೆಯಿಂದ ಅವಳು ನಡೆದು ಮನೆಗೆ ಬರಲಿಲ್ಲ.

ಆ ಧಾರಾವಾಹಿ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಸರಕಾರದ ಚಾನೆಲ್ ಬಿಟ್ಟರೆ ಬೇರೆ ಇಲ್ಲದ ಕಾಲ. ಒಂದು ಸಣ್ಣ ಊರಿನ ಟೆಲಿಫೋನ್ ಎಕ್ಸ್‌ಚೇಂಜು, ಅಲ್ಲಿ ಒಬ್ಬಳು ಆಪರೇಟರ್. ಪರ ಊರಿಗೆ ಮಾತಾಡಬೇಕಾದವರು ಅವಳಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ವಾರಕ್ಕೊಂದು ಕರೆ, ವಾರಕ್ಕೊಂದು ಕಥೆ. ಸಾವಿನ ಸುದ್ದಿ, ಮದುವೆ ಮಾತುಕತೆ, ಆಸ್ತಿ ಜಗಳ ಎಲ್ಲವೂ ಅವಳ ಕಿವಿಯನ್ನು ದಾಟಿಯೇ ಹೋಗುತ್ತಿದ್ದವು. ಅವಳು ಮಾತ್ರ ಯಾರಿಗೂ ಏನೂ ಹೇಳುತ್ತಿರಲಿಲ್ಲ.

ಆಗ ನಾವು ಆರ್.ಟಿ. ನಗರದ ಒಂದು ವಠಾರದಲ್ಲಿದ್ದೆವು. ನಮ್ಮಲ್ಲಿ ಟೀವಿ ಇರಲಿಲ್ಲ, ಪಕ್ಕದ ಆಪಾ ಮನೆಯಲ್ಲಿತ್ತು. ಆಪಾ ಅಂದರೆ ಅಕ್ಕ. ಅವರ ಮನೆಮಾತು ಉರ್ದು, ವಠಾರದವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಗುರುವಾರ ಸಂಜೆ ಹೆಂಗಸರು ಒಳಗೆ ಮಂಚದ ಮೇಲೆ, ಗಂಡಸರು ಹೊಸಿಲ ಹೊರಗೆ. ನಾನೂ ಆಪಾ ಅವರ ಯಜಮಾನರೂ ಬಾಗಿಲಾಚೆ ಸ್ಟೂಲು ಹಾಕಿಕೊಂಡು ಕತ್ತು ಓರೆ ಮಾಡಿ ನೋಡುತ್ತಿದ್ದೆವು. ಅದೂ ವಾರ ಬಿಟ್ಟು ವಾರ. ಯಶವಂತಪುರದ ಆಚೆಯ ಕಾರ್ಖಾನೆಯಲ್ಲಿ ನನಗೆ ಒಂದು ವಾರ ಬೆಳಗಿನ ಪಾಳಿ, ಮರುವಾರ ಎರಡನೇ ಪಾಳಿ. ಎರಡನೇ ಪಾಳಿಯಲ್ಲಿ ತಪ್ಪಿದ ಕಥೆಯನ್ನು ಶುಕ್ರವಾರ ಬೆಳಿಗ್ಗೆ ನನ್ನ ಹೆಂಡತಿ ಹೇಳುತ್ತಿದ್ದಳು. ಸಾರಾಂಶವಲ್ಲ, ಪೂರ್ತಿ ಆಡಿ ತೋರಿಸುತ್ತಿದ್ದಳು. ರೊಟ್ಟಿ ತಟ್ಟುವಾಗ ಆಪರೇಟರ್ ಆಗುವಳು, ಹಂಚಿನ ಮೇಲೆ ಮಗುಚುವಾಗ ಆ ಕಡೆ ಮಾತಾಡುವವನಾಗುವಳು. ಕಥೆ ಚೆನ್ನಾಗಿದ್ದ ದಿನ ರೊಟ್ಟಿ ಸೀಯುತ್ತಿತ್ತು.

'ಊಟ ಆಯ್ತಾ' ದೃಶ್ಯ ನನಗೆ ಸಿಕ್ಕಿದ್ದೂ ಹಾಗೆಯೇ. ದೂರದ ಇನ್ನೊಂದು ಎಕ್ಸ್‌ಚೇಂಜಿನಲ್ಲಿ ಇನ್ನೊಬ್ಬಳು ಆಪರೇಟರ್ ಇದ್ದಾಳೆ. ಇಬ್ಬರೂ ದಿನವೂ ಲೈನು ಜೋಡಿಸುತ್ತಾರೆ; ಒಬ್ಬರ ಮುಖ ಒಬ್ಬರು ನೋಡಿಲ್ಲ. ಒಂದು ದಿನ ಊರವರ ಮಾತೆಲ್ಲ ಮುಗಿದ ಮೇಲೆ ನಮ್ಮ ಆಪರೇಟರ್ ಲೈನು ಕೀಳದೆ "ಊಟ ಆಯ್ತಾ?" ಎಂದು ಕೇಳುತ್ತಾಳೆ. ಆ ಕಡೆಯಿಂದ ಅಳುವ ಸದ್ದು. ಅವಳನ್ನು ಹಾಗೆ ಕೇಳಿದವರೇ ಇರಲಿಲ್ಲ. ನಾನು ಈ ದೃಶ್ಯವನ್ನು ಕಾರ್ಖಾನೆಯಲ್ಲಿ ಎಷ್ಟೋ ಜನಕ್ಕೆ ಹೇಳಿದ್ದೆ. ಅವರೂ ನನ್ನ ಪಾಳಿಯವರೇ, ಕಂತು ತಪ್ಪಿದವರೇ ಆದ್ದರಿಂದ ಬಾಯಿ ಮುಚ್ಚಿಕೊಂಡು ಕೇಳಿದ್ದರು.

ಸಿನಿಮಾ ಬಂದಾಗ ಹೆಂಡತಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ವರ್ಷದೊಳಗೆ ನಮ್ಮಲ್ಲಿ ಹಬ್ಬವಿಲ್ಲ, ಸಿನಿಮಾವಂತೂ ಇಲ್ಲ. ನೆಂಟರಿಗೆ ಗೊತ್ತಾದರೆ ಏನಂದಾರು ಎಂದು ಮಗಳು ಹಿಂದೆಮುಂದೆ ನೋಡಿದಳು. ಆದರೆ ಹೆಂಡತಿ ಹೋದಾಗಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಕಾಫಿ ಬಗ್ಗಿಸಿಟ್ಟು ಗೇಟಿನವರೆಗೆ ಹೋಗುವೆ, ಬಂದು ಆರಿದೆಯೆಂದು ಚೆಲ್ಲುವೆ. ಬಸ್ಸು ಹತ್ತಿ ಹೆಬ್ಬಾಳದವರೆಗೆ ಹೋಗಿ, ಇಳಿದು, ರಸ್ತೆ ದಾಟಿ, ಯಲಹಂಕದ ಕಡೆಗೆ ಬರುವ ಬಸ್ಸು ಹಿಡಿಯುವೆ. ಆ ಒಂದು ದೃಶ್ಯ ನೋಡಿದರೆ ಸ್ವಲ್ಪ ಹೊತ್ತಾದರೂ ಕೂರಬಹುದು ಎನ್ನಿಸಿತ್ತು. ಕೊನೆಗೆ ಮಗಳು ಟಿಕೆಟ್ ತೆಗೆದಳು.

ಸಿನಿಮಾ ಕೆಟ್ಟದ್ದೆಂದು ಹೇಳಲಾರೆ. ಹೊಸ ನಟಿ ಕಣ್ಣು ಮುಚ್ಚಿ ಕೇಳಿಸಿಕೊಳ್ಳುವ ರೀತಿ ಹಳೆಯವಳಿಗಿಂತ ಒಂದು ತೂಕ ಹೆಚ್ಚೇ. ಬೋರ್ಡಿಗೆ ವೈರು ಸಿಕ್ಕಿಸುವ ಟಕ್ ಸದ್ದು ಎದೆಗೆ ತಾಗುತ್ತಿತ್ತು. ಊರು ಮಾತ್ರ ತೀರ ದೊಡ್ಡದಾಗಿತ್ತು, ಪ್ರತಿ ಗೋಡೆಗೂ ನಿನ್ನೆ ಬಳಿದ ಬಣ್ಣ. ಧಾರಾವಾಹಿಯಲ್ಲಿ ಫೋನಿನ ಆ ಕಡೆಯವರನ್ನು ಎಂದೂ ತೋರಿಸುತ್ತಿರಲಿಲ್ಲ, ದನಿಯೊಂದೇ. ಇಲ್ಲಿ ಎಲ್ಲರಿಗೂ ಮುಖ ಕೊಟ್ಟರು. ಸಾಲದ್ದಕ್ಕೆ ಒಂದು ಕೊಲೆ. ಆಪರೇಟರ್ ಕದ್ದು ಕೇಳಿಸಿಕೊಂಡು ಕೊಲೆಗಾರನನ್ನು ಹಿಡಿಸುತ್ತಾಳೆ. ನಮ್ಮ ಧಾರಾವಾಹಿಯವಳು ಕೇಳಿದ್ದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದವಳು ಎಂದು ಮಗಳಿಗೆ ಪಿಸುಗುಟ್ಟಿದೆ. ಮುಂದಿನ ಸಾಲಿನವನು ತಿರುಗಿ ನೋಡಿದ.

ಇಂಟರ್‌ವಲ್ ಆಯಿತು, ನನ್ನ ದೃಶ್ಯ ಬರಲಿಲ್ಲ. ಕೂರಲಾಗದೆ ಕೊನೆಯ ಸಾಲಿಗೆ ಹೋದೆ. ಅಲ್ಲಿಂದ ಎದ್ದು ಬಾಗಿಲ ಪಕ್ಕ ನಿಂತೆ. ಕೊನೆಯಲ್ಲಿ ಹೆಸರುಗಳೆಲ್ಲ ಓಡಿ ಮುಗಿದು ದೀಪ ಹತ್ತುವವರೆಗೂ ನಿಂತೆ. ಬರಲೇ ಇಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಆ ಡೈರೆಕ್ಟರನ್ನು ಬೈದೆ. ಸಮಾಧಾನಕ್ಕೆಂದು ಮಗಳು ಫೋನಿನಲ್ಲಿ ಆ ಧಾರಾವಾಹಿಯ ಹಳೆಯ ಅಭಿಮಾನಿಗಳ ಗುಂಪೊಂದನ್ನು ಹುಡುಕಿ, ಈ ದೃಶ್ಯ ಯಾವ ಕಂತಿನದು ಎಂದು ಕೇಳಿದಳು. ಹಳೆಯ ಟೇಪುಗಳು ಉಳಿದಿಲ್ಲವಂತೆ, ಅವುಗಳ ಮೇಲೆ ಬೇರೆ ಕಾರ್ಯಕ್ರಮ ತುಂಬಿಸಿಬಿಟ್ಟರಂತೆ. ಆದರೆ ಒಂದೊಂದು ಕಂತನ್ನೂ ಬಾಯಿಪಾಠ ಹೇಳುವವರು ಆ ಗುಂಪಿನಲ್ಲಿದ್ದರು. ಮರುದಿನ ಮಗಳು ಮೆಟ್ಟಿಲ ಮೇಲೆ ನಿಂತೇ ಹೇಳಿದಳು: "ಅಪ್ಪಾ, ಅಂಥ ಸೀನೇ ಇರ್ಲಿಲ್ಲ ಅಂತಿದಾರೆ. ಎಲ್ರೂ."

ನನ್ನ ಹೆಂಡತಿಯ ಜೊತೆ ಕೂತು ಧಾರಾವಾಹಿ ನೋಡಿದವರು ಈಗ ಇರುವುದು ಆಪಾ ಒಬ್ಬರೇ. ಆರ್.ಟಿ. ನಗರದಲ್ಲಿ ಮಗನ ಮನೆಯಲ್ಲಿದ್ದಾರೆ. ಬಾಗಿಲ ಬಳಿ ಅಭ್ಯಾಸಬಲದಿಂದ ಹೊರಗೇ ನಿಂತೆ. "ಬನ್ನಿ ಭಾಯ್, ಈ ವಯಸ್ಸಲ್ಲಿ ಏನ್ ಪರ್ದಾ" ಎಂದು ಒಳಗೆ ಕರೆದು ಕುರ್ಚಿ ಹಾಕಿಸಿದರು. ಅವಳ ಬಗ್ಗೆ ಸ್ವಲ್ಪ ಮಾತಾಡಿ ಕಣ್ಣೊರೆಸಿಕೊಂಡರು. ನಾನು ದೃಶ್ಯವನ್ನು ಹೇಳಿದೆ. ಪೂರ್ತಿ ಕೇಳಿ, ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ ಕೂತರು.

"ಅದು ಟೀವೀಲಿ ಬಂದಿದ್ದಲ್ಲ ಭಾಯ್. ಅವತ್ತು ಕರೆಂಟೇ ಇರ್ಲಿಲ್ಲ."

ಆ ವರ್ಷ ಒಂದೊಂದು ಏರಿಯಾಗೆ ಸರದಿಯ ಮೇಲೆ ಕರೆಂಟ್ ತೆಗೆಯುತ್ತಿದ್ದರು. ನಮ್ಮ ಸರದಿ ಎಷ್ಟೋ ಸಲ ನನ್ನ ಎರಡನೇ ಪಾಳಿಯ ಗುರುವಾರ ಸಂಜೆಗೇ ಬೀಳುತ್ತಿತ್ತಂತೆ. ಕಾರ್ಖಾನೆಗೆ ಅದರದೇ ಜನರೇಟರ್ ಇತ್ತು. ನನ್ನ ತಲೆಯ ಮೇಲಿನ ದೀಪ ಎಂದೂ ಆರಿದ್ದಿಲ್ಲ, ಪಾಳಿ ಮುಗಿಸಿ ಬರುವ ಹೊತ್ತಿಗೆ ವಠಾರದ ದೀಪಗಳೂ ಉರಿಯುತ್ತಿದ್ದವು. ಕರೆಂಟ್ ಇರಲಿಲ್ಲವೆಂದು ಹೇಳಿದ್ದರೆ ಆಗುತ್ತಿತ್ತಲ್ಲ ಎಂದೆ.

"ಒಂದ್ಸಲ ಹೇಳಿದ್ಲು. ನೀವು ಮಕ್ಕಳ್ ಥರ ಮುಖ ಊದಿಸ್ಕೊಂಡು, ತಿಂಡೀನೂ ಬಿಟ್ಟು ಹೋದ್ರಂತೆ. ಆಮೇಲೆ ಕರೆಂಟ್ ಹೋದಾಗೆಲ್ಲ, ಆಪಾ, ನಾಳೆ ನಮ್ಮೋರಿಗೆ ಏನ್ ಹೇಳೋದು, ಬೇಗ ಏನಾದ್ರೂ ಹೇಳಿ ಅಂತ ನನ್ನ ಜೀವ ತಿನ್ನೋಳು."

ಮೇಣದ ಬತ್ತಿ ಹಚ್ಚಿಟ್ಟುಕೊಂಡು ಇಬ್ಬರೂ ಕಥೆ ಕಟ್ಟುತ್ತಿದ್ದರಂತೆ. ನಾವು ಗಂಡಸರು ಹೊಸಿಲಾಚೆ ಕೂತು ನೋಡಿದ್ದಕ್ಕಿಂತ ಅವರು ಕತ್ತಲಲ್ಲಿ ಮಾಡಿದ್ದೇ ಹೆಚ್ಚಾಯಿತು. ಅಂಚೆಯವನ ಹೆಂಡತಿ ಮನೆಬಿಟ್ಟು ಹೋದ ಕಂತು ನನಗೆ ಬಹಳ ಇಷ್ಟವಾಗಿತ್ತು ಎಂದೆ. ಆಪಾ ಅವರ ಮುಖ ಅರಳಿತು.

"ಅದು ನಂದು. ಪಾಪ ಅಂಚೆಯವನು, ಬೇಡ ಆಪಾ ಅಂದ್ಲು ಅವಳು. ನಾನೇ ಓಡಿಸ್ದೆ." ಸ್ವಲ್ಪ ತಡೆದು ಹೇಳಿದರು, "ಊಟ ಆಯ್ತಾ ಅನ್ನೋದು ಮಾತ್ರ ಪೂರಾ ಅವಳ್ದೇ."

ಸಿನಿಮಾದವರ ಮೇಲಿನ ಸಿಟ್ಟು ಅಲ್ಲಿಗೆ ಹೋಯಿತು. ಅವರೂ ಇಲ್ಲದ್ದನ್ನು ಸೇರಿಸಿದರು, ಇವಳೂ ಸೇರಿಸಿದಳು. ಇವಳದ್ದು ಚೆನ್ನಾಗಿತ್ತು. ಆದರೆ ಸಿಟ್ಟಿನ ಜಾಗಕ್ಕೆ ಆತುರ ಬಂತು. ಅವಳದ್ದು ಯಾವುದು, ಟೀವಿಯದ್ದು ಯಾವುದು ಎಂದು ಆಗಲೇ, ಅಲ್ಲೇ ತಿಳಿಯಬೇಕಿತ್ತು. ಎದ್ದು ಓಡಾಡುತ್ತ ನೆನಪಿದ್ದ ಕಥೆಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಇದು ಟೀವಿದು, ಇದು ನಮ್ಮದು, ಇದು ಗೊತ್ತಿಲ್ಲ ಎಂದು ಆಪಾ ಬೇರ್ಪಡಿಸುತ್ತ ಹೋದರು. ಗೊತ್ತಿಲ್ಲ ಎನ್ನುವುದು ಹೆಚ್ಚುತ್ತ ಬಂತು. "ಕೂತ್ಕೊಳ್ಳಿ ಭಾಯ್, ನೋಡಿ ನೋಡಿ ನನ್ಗೇ ತಲೆ ತಿರುಗ್ತಾ ಇದೆ" ಎಂದರು.

ಕೂತು, ಕೊನೆಯದಾಗಿ ಒಂದನ್ನು ಕೇಳಿದೆ. ಒಬ್ಬ ಮನುಷ್ಯ ದಿನವೂ ಎಕ್ಸ್‌ಚೇಂಜಿಗೆ ಬಂದು ಒಂದೇ ನಂಬರಿಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಾನೆ. ಗಂಟೆಗಟ್ಟಲೆ ಕಾಯುತ್ತಾನೆ. ಲೈನು ಸಿಕ್ಕಿ ಆ ಕಡೆಯಿಂದ ಹಲೋ ಎಂದ ಕೂಡಲೇ ಬೇಡ ಎಂದು ಎದ್ದು ಹೋಗುತ್ತಾನೆ. ಒಂದು ದಿನ ಆಪರೇಟರ್ ಬಾಗಿಲಿಗೆ ಅಡ್ಡ ನಿಂತು ಅವನನ್ನು ತಡೆಯುತ್ತಾಳೆ. ಅಲ್ಲಿಯವರೆಗೆ ಹೇಳಿದ್ದಳು ಹೆಂಡತಿ. ಆಗಿನ್ನೂ ಸಣ್ಣವಳಾಗಿದ್ದ ಮಗಳು ಅಂಗಳದಲ್ಲಿ ಬಿದ್ದು ಮಂಡಿ ಒಡೆದುಕೊಂಡಳು. ಕಥೆ ಅಲ್ಲಿಗೇ ನಿಂತಿತು. ಮುಂದಿನ ಗುರುವಾರ ನನಗೆ ಬೆಳಗಿನ ಪಾಳಿ, ಟೀವಿಯಲ್ಲಿ ಬೇರೆ ಕಥೆ.

"ಅದೂ ಕರೆಂಟ್ ಹೋದ ದಿನದ್ದೇ" ಎಂದರು ಆಪಾ. "ಕೊನೆ ಹೆಂಗ್ ಮಾಡೋದು ಅಂತ ಇಬ್ಬರಿಗೂ ಹೊಳೀಲಿಲ್ಲ. ಬೆಳಿಗ್ಗೆ ರೊಟ್ಟಿ ತಟ್ಟುವಾಗ ಹೊಳೆಯುತ್ತೆ ಬಿಡಿ ಅಂತ ಎದ್ದು ಹೋದ್ಲು."

ಹೊಳೆಯಿತೇ ಎಂದು ಕೇಳಿದೆ. ಆಮೇಲೆ ತಾನು ಕೇಳಲೇ ಇಲ್ಲ ಎಂದರು.

ವಾಪಸ್ ಬರುವಾಗ ಹೆಬ್ಬಾಳದಲ್ಲಿ ಇಳಿದೆ, ಮತ್ತೆ ಹತ್ತಿದೆ, ಯಲಹಂಕದಲ್ಲಿ ಇಳಿದು ಮನೆಗೆ ನಡೆದೆ. ಈಗ ಆ ಮನುಷ್ಯನ ಕಥೆಗೆ ನಾನೇ ಒಂದು ಕೊನೆ ಕಟ್ಟಲು ನೋಡುತ್ತೇನೆ. ತಮ್ಮನಿಗೆ ಮಾಡುತ್ತಿದ್ದ ಎನ್ನುತ್ತೇನೆ, ಹಳೆಯ ಗೆಳತಿಗೆ ಎನ್ನುತ್ತೇನೆ. ಯಾವುದೂ ಅವಳ ಬಾಯಲ್ಲಿ ಬಂದ ಹಾಗೆ ಇಲ್ಲ. ಅವನು ಯಾರಿಗೆ ಫೋನ್ ಮಾಡುತ್ತಿದ್ದ ಎಂಬುದು ನನಗೆ ಗೊತ್ತಿಲ್ಲ.