ಖಾನಾಪುರದಲ್ಲಿ ನಾನು ಕೇಳದ ಮೂರು ಹಾಡು

ಎಂಬತ್ತೆಂಟರ ಜುಲೈ, ಒಂದು ಭಾನುವಾರ ಬೆಳಿಗ್ಗೆ ಬೆಳಗಾವಿ ಸ್ಟ್ಯಾಂಡಿನಲ್ಲಿ ಖಾನಾಪುರದ ಬಸ್ ಹತ್ತಿದೆ. ಇಪ್ಪತ್ತಾರು ಕಿಲೋಮೀಟರಿಗೆ ಟಿಕೆಟ್ ಮೂರೂವರೆ ರೂಪಾಯಿ. ಕೈಯಲ್ಲಿ ಅರ್ಧ ಕಿಲೋ ಕುಂದಾ ಮಿಠಾಯಿ. ಐದು ವರ್ಷದಿಂದ ಮಾತು ಬಿಟ್ಟಿದ್ದ ಗೆಳೆಯ ಪರಶುರಾಮನನ್ನು ಕಂಡು ಕ್ಷಮೆ ಕೇಳಬೇಕಿತ್ತು. ಅವನು ಬಾಗಿಲು ಹಾಕಿಕೊಂಡರೆ ಕುಂದಾ ನಾನೇ ತಿನ್ನುವುದೆಂದು ತೀರ್ಮಾನಿಸಿದ್ದೆ.

ಮಚ್ಛೆ ಊರು ದಾಟುವಾಗ ಜಿಟಿಜಿಟಿ ಮಳೆ ಹಿಡಿಯಿತು. ಕಿಟಕಿಯ ತಗಡು ಏನು ಮಾಡಿದರೂ ಇಳಿಯಲಿಲ್ಲ. ಒಂದು ತೋಳು ತೊಯಿಸಿಕೊಳ್ಳುತ್ತ ನಮ್ಮ ಬ್ಯಾಂಡನ್ನು ನೆನೆದು ಕುಳಿತೆ. ಹೆಸರು 'ಧಡಾಧಡ'. ಪರಶುರಾಮನ ಹಾಡು, ದತ್ತಾನ ಗಿಟಾರು, ನನ್ನ ಡ್ರಮ್ಮು. ದತ್ತಾನ ಮಾವ ಗೋವಾದಿಂದ ತಂದ ಕ್ಯಾಸೆಟ್ಟಿನಲ್ಲಿ ಪಂಕ್ ಎಂಬ ಅಬ್ಬರದ ವಿಲಾಯತಿ ಸಂಗೀತವಿತ್ತು. ಇಂಗ್ಲಿಷು ತಿಳಿಯಲಿಲ್ಲ, ಸಿಟ್ಟು ಮಾತ್ರ ಚೆನ್ನಾಗಿ ತಿಳಿಯಿತು. ಸೀಮೆಎಣ್ಣೆ ಅಂಗಡಿಯ ಪಾಳಿಯ ಮೇಲೆ, ಕೆಲಸ ಕೊಡದ ಆಫೀಸುಗಳ ಮೇಲೆ ನಾವೂ ಹಾಡು ಕಟ್ಟಿದೆವು. ಒಂದು ಸಾಲು ಕನ್ನಡ, ಮುಂದಿನದು ಮರಾಠಿ. ನಮ್ಮನ್ನು ಬೈಯಲು ಎರಡೂ ಭಾಷೆಯವರಿಗೆ ಸಮನಾದ ಅವಕಾಶ.

ತಾಲೀಮು ಬೆಳಗಾವಿಯ ಶಹಾಪುರ ಪೇಟೆಯ ನಮ್ಮಪ್ಪನ ಶೆಡ್ಡಿನಲ್ಲಿ. ನಾಲ್ಕು ಪವರ್‌ಲೂಮ್ ಓಡುತ್ತಿರುವಾಗಲೇ ಬಾರಿಸುತ್ತಿದ್ದೆವು. ಆ ಗದ್ದಲದಲ್ಲಿ ನಮ್ಮ ಗದ್ದಲ ನೆರೆಯವರಿಗೆ ಗೊತ್ತಾಗುತ್ತಿರಲಿಲ್ಲ. ಖಾನಾಪುರದ ಗಣಪತಿ ಮಂಟಪದಲ್ಲಿ ಮೊದಲ ಸಲ ವೇದಿಕೆ ಹತ್ತಿದಾಗ ಸತ್ಯ ಬಯಲಾಯಿತು: ಎರಡು ವರ್ಷ ತಾಳ ಹಿಡಿದದ್ದು ನಾನಲ್ಲ, ಮಗ್ಗ. ಅದರ ಸದ್ದಿಲ್ಲದೆ ನನ್ನ ಕೈ ಅಡ್ಡಾದಿಡ್ಡಿ ಓಡಿತು. ಜನ ನಕ್ಕರು. ಹಾಡಿನ ನಡುವೆಯೇ ಕೋಲು ಎಸೆದು, ಇಳಿದು, ಸಿಕ್ಕ ರೈಲು ಹತ್ತಿ ಊರಿಗೆ ಬಂದುಬಿಟ್ಟೆ. ಬ್ಯಾಂಡ್ ಅಲ್ಲಿಗೆ ಮುಗಿಯಿತು. ಆ ಇಬ್ಬರೂ ನನಗೆ ಎಷ್ಟು ಬೇಕಾಗಿದ್ದರೆಂದು ಆಮೇಲೆ ತಿಳಿಯಿತು.

ಪರಶುರಾಮ ಈಗ ಹೆಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಮನೆ ಸ್ಟೇಷನ್ನಿನ ಹತ್ತಿರ. ಬಾಗಿಲು ತಟ್ಟಿದೆ, ಅವನೇ ತೆರೆದ.

"ಬಾ, ಕುಂದರು. ತೋಳ ಎಲ್ಲಾ ತೊಯ್ದೈತಿ," ಎಂದು ಟವೆಲ್ ಕೊಟ್ಟ.

ಅವನ ಹೆಂಡತಿ ಅವಲಕ್ಕಿ, ಚಹಾ ತಂದಿಟ್ಟರು. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ನನಗೆ ಮರೆತುಹೋಗಿತ್ತು.

"ತಪ್ಪಾತು ಪರಶ್ಯಾ. ತಾಳ ತಪ್ಪಿಸಿ ನಿಮ್ಮ ಮರ್ಯಾದಿ ಕಳದೆ," ಎಂದೆ.

"ತಾಳ ಯಾರಿಗೆ ಬೇಕಾಗಿತ್ತು? ನೀ ಹ್ವಾದ ಮ್ಯಾಲೆ ಇನ್ನೂ ಮೂರು ಹಾಡು ಹಾಡಿದ್ವಿ. ಮುಂದ ಕುಂತವರು ಖುರ್ಚಿ ಬಡದು ತಾಳ ಹಾಕಿದ್ರು. ಖರೇನ, ಎದ್ದು ಕುಣದ್ರು."

ನಾನು ಚಹಾ ಕೆಳಗಿಟ್ಟೆ. "ಹಂಗಾರ ಇಷ್ಟು ವರ್ಷ ಸಿಟ್ಟು ಯಾಕ?"

"ನಾವು ಚಲೋ ಬಾರಿಸಿದ್ದು ಅದೊಂದ ಸಲ. ಆವಾಗ ನೀ ಇರಲಿಲ್ಲ. ಅದಕ್ಕ."

ಅಳು ಬಂತು. ಅದೇ ಟವೆಲ್ಲಿನಿಂದ ಮುಖ ಒರೆಸಿಕೊಂಡೆ. ಊಟಕ್ಕೆ ಜೋಳದ ರೊಟ್ಟಿ, ಝುಣಕ. ಕುಂದಾವನ್ನು ಇಬ್ಬರೇ ಖಾಲಿ ಮಾಡಿದೆವು.

ಮಧ್ಯಾಹ್ನ ಮೂರಕ್ಕೆ ಅವನು ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದ. ಬೆಂಚಿನ ಮೇಲೆ ಕುಳಿತಾಗ, "ಯಾವ ಮೂರು ಹಾಡು?" ಎಂದು ಕೇಳಿದೆ. ಆಚೀಚೆ ನೋಡಿ ಮೆಲ್ಲಗೆ ಶುರು ಮಾಡಿದ. ಗಂಟಲು ಒಡೆದಿತ್ತು, ಸಿಟ್ಟು ಹಾಗೇ ಇತ್ತು. ಎರಡನೆಯ ಹಾಡು ಮುಗಿಯುವಾಗ ಬೆಳಗಾವಿಯ ಪ್ಯಾಸೆಂಜರ್ ಬಂದು ನಿಂತಿತು.

"ನಿನ್ನ ಗಾಡಿ ಬಂತು," ಎಂದ.

"ಹೋಗ್ಲಿ ಬಿಡು," ಎಂದೆ. "ಇನ್ನೊಂದು ಹಾಡ ಉಳದೈತಿ."